ಓಟಿಗೊಂದು ರಸ್ತೆ, ಸಾಲಿಗೊಂದು ರಸ್ತೆ

ಯುಗಾದಿ ಕಳೆದು ಎರಡು ವಾರವಾಗಿತ್ತು. ಬೆಳಗಿನ ಎರಡನೇ ಚಹಾದ ಹೊತ್ತಿಗೇ ಬಸ್ ಡಿಪೋದ ಮಾಡಿನ ತಗಡು ಕಾದು ಚಟಚಟ ಅನ್ನುತ್ತಿತ್ತು. ಅಂಥ ಹೊತ್ತಿನಲ್ಲಿ ತಹಶೀಲ್ದಾರ್ ಕಚೇರಿಯ ಜವಾನ ಡಿಪೋದ ಗೇಟಿಗೆ ಸೈಕಲ್ ಒರಗಿಸಿ, ಓಟಿನ ರೂಟುಗಳ ಪಟ್ಟಿಯನ್ನು ಬಸಲಿಂಗವ್ವನ ಮೇಜಿನ ಮೇಲೆ ಇಟ್ಟು, ಒಂದು ತಂಬಿಗೆ ನೀರು ಕುಡಿದು ಹೋದ.

ಬಸಲಿಂಗವ್ವ ಆ ಡಿಪೋದ ಕಂಟ್ರೋಲರ್. ಯಾವ ಗಾಡಿ ಯಾವ ಊರಿಗೆ, ಯಾವ ಡ್ರೈವರ್ ಯಾವ ಗಾಡಿಗೆ ಎಂದು ಗೊತ್ತು ಮಾಡುವವಳು. ಅದಕ್ಕೂ ಮೊದಲು ಬಹಳ ವರ್ಷ ಹೆಗಲಿಗೆ ಚೀಲ ಹಾಕಿಕೊಂಡು ಕಂಡಕ್ಟರಕಿ ಮಾಡಿದ್ದಳು. ಸಂತೆಯ ದಿನ ಬಸ್ಸಿನ ಹಿಂದಿನ ಸೀಟಿನವರೆಗೆ ಕೇಳಿಸುವಂತೆ ಕೂಗಿ ಕೂಗಿ ಗಂಟಲು ಒಡೆದಿತ್ತು. ಈಗ ಮೆಲ್ಲಗೆ ಮಾತಾಡಿದರೂ ಎದುರಿನವರಿಗೆ ಬೈದ ಹಾಗೆ ಕೇಳುತ್ತಿತ್ತು.

ಓಟು ಬಂತೆಂದರೆ ಡಿಪೋದಲ್ಲಿ ಮದುವೆ ಮನೆಯ ಗದ್ದಲ. ಅರ್ಧಕ್ಕಿಂತ ಹೆಚ್ಚು ಗಾಡಿಗಳನ್ನು ಸರಕಾರ ಎರಡು ದಿನ ಎತ್ತಿಕೊಳ್ಳುತ್ತದೆ. ಓಟಿನ ಹಿಂದಿನ ದಿನ ತಾಲೂಕಿನ ಕಾಲೇಜು ಮೈದಾನದಲ್ಲಿ ಮಾಸ್ತರರು, ಗುಮಾಸ್ತರು, ಅಂಗನವಾಡಿಯವರು ಎಲ್ಲ ಸೇರಿ ಯಂತ್ರದ ಪೆಟ್ಟಿಗೆ ಎಣಿಸಿ ತಗೊಂಡು, ತಮ್ಮ ರೂಟಿನ ಬಸ್ಸು ಹುಡುಕಿ ಹತ್ತಬೇಕು. ಬಸ್ಸು ಅವರನ್ನು ಮತಗಟ್ಟೆಯಾಗುವ ಊರೂರಿನ ಸಾಲಿಗೆ, ಅಂದರೆ ಶಾಲೆಗೆ, ಇಳಿಸಿ, ಕಡೆಯ ಊರಿನಲ್ಲೇ ರಾತ್ರಿ ತಂಗಿ, ಮರುದಿನ ಸಂಜೆ ಪೆಟ್ಟಿಗೆ ಸಮೇತ ತಿರುಗಿ ತರಬೇಕು. ಡ್ರೈವರುಗಳಿಗೆ ಇದು ಜಾತ್ರೆಗಿಂತ ಹೆಚ್ಚು. ಒಬ್ಬ ಬಂದು ತನಗೆ ಮಾವನ ಮನೆ ಕಡೆಯ ರೂಟು ಬೇಕೆಂದ. ಇನ್ನೊಬ್ಬ ಅದೇ ಮಾವನ ಮನೆ ಕಡೆ ಮಾತ್ರ ಬೇಡವೆಂದು ಕೈ ಮುಗಿದ. ಮತ್ತೊಬ್ಬ ಹೋದ ಓಟಿನಲ್ಲಿ ತಾನು ಮಲಗಿದ್ದ ಸಾಲಿಯ ಹಿಂದೆ ಸುಡುಗಾಡು ಇತ್ತೆಂದು, ಈ ಸಲ ಊರ ನಡುವಿನ ಸಾಲಿ ಹಾಕಿಕೊಡಬೇಕೆಂದು ಅಲವತ್ತುಕೊಂಡ. ಸತ್ತವರು ಓಟು ಹಾಕೋಕೆ ಬಂದರೆ ಸಾಲಿನಲ್ಲಿ ನಿಲ್ಲಿಸು ಅಂದಳು ಬಸಲಿಂಗವ್ವ. ಎಲ್ಲರಿಗೂ ಒಂದೊಂದು ಮಾತು ಅಂದು, ಎಲ್ಲರಿಗೂ ಒಂದೊಂದು ರೂಟು ಹಚ್ಚಿದಳು. ಹತ್ತೊಂಬತ್ತನೇ ರೂಟಿಗೆ ಬಂದಾಗ ಎತ್ತಿದ ಪೆನ್ನು ಕಾಗದಕ್ಕೆ ಇಳಿಯಲಿಲ್ಲ.

ಹತ್ತೊಂಬತ್ತನೇ ರೂಟೆಂದರೆ ಕೆಂಚನದೊಡ್ಡಿ.

ಡಾಂಬರು ರಸ್ತೆ ಬಿಟ್ಟು ಗುಡ್ಡದ ಪಕ್ಕ ಹಾದು, ಒಂದು ಹಳ್ಳ ದಾಟಿ ಹೋದರೆ ಸಿಗುವ ಊರು. ಆ ಊರಿಗೆ ಬಸ್ಸಿಲ್ಲ. ಎಂದೂ ಇರಲಿಲ್ಲ. ಓಟು ಬಂದಾಗ ಮಾತ್ರ ಸಿಬ್ಬಂದಿಯನ್ನು ಹೊತ್ತು ಒಂದು ಜೀಪು ಹೋಗಿ ಬರುತ್ತಿತ್ತು, ಅಷ್ಟೆ. ಹೋದ ಓಟಿನಲ್ಲಿ ಮೊದಲ ಸಲ ಬಸ್ಸು ಹಾಕಿದಾಗ ಅಲ್ಲಿಗೆ ಹೋಗಿದ್ದವನು ಡ್ರೈವರ್ ಮೌಲಾಸಾಬ. ಅವನು ಹಳ್ಳ ದಾಟಿ ಊರು ಕಂಡಾಗ ಹಲಗಿ ಬಾರಿಸುವ ಸದ್ದು ಕೇಳಿತಂತೆ. ಅಗಸೆ ಬಾಗಿಲ ಮುಂದೆ ಊರಿಗೆ ಊರೇ ನಿಂತಿತ್ತಂತೆ. ಕೊನೆಗೂ ತಮ್ಮೂರಿಗೆ ಬಸ್ಸು ಬಿಟ್ಟರೆಂದು ಅವರು ತಿಳಿದಿದ್ದರು. ಇದು ಓಟಿನ ಬಸ್ಸು, ನಾಳೆ ಹೋಗಿಬಿಡುತ್ತದೆ ಎಂದು ಮೌಲಾಸಾಬ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದ. ಹಲಗಿಯ ಸದ್ದಿನಲ್ಲಿ ಅರ್ಧ ಜನಕ್ಕೆ ಕೇಳಲಿಲ್ಲ. ಕೇಳಿದವರು ಬಸ್ಸು ಬಸ್ಸೇ ಅಲ್ಲವೇ ಅಂದರು. ಗಂಡಸರು ಕಾಯಿ ಒಡೆದರು. ಹೆಂಗಸರು ಅಷ್ಟಕ್ಕೇ ಬಿಡದೆ ಬಸ್ಸಿನ ಮೂತಿಗೆ ಅರಿಶಿಣ ಕುಂಕುಮ ಹಚ್ಚಿ, ಮುಂದಿನ ಸರಳಿಗೆ ಒಂದು ಕುಪ್ಪಸದ ಖಣ ಕಟ್ಟಿ, ಅದರಲ್ಲಿ ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ಇಟ್ಟು ಉಡಿ ತುಂಬಿದರು. ತವರಿಗೆ ಬಂದ ಮಗಳಿಗೆ ಉಡಿ ತುಂಬಿ ಕಳಿಸಿದರೆ ಅವಳು ಮತ್ತೆ ಬರಲೇಬೇಕು ಎಂಬುದು ಆ ಸೀಮೆಯ ನಂಬಿಕೆ.

ಮರುದಿನ ಸಂಜೆ ಬಸ್ಸು ಪೆಟ್ಟಿಗೆ ತುಂಬಿಕೊಂಡು ಹೋಯಿತು. ಮತ್ತೆ ಬರಲಿಲ್ಲ. ಮೂತಿಗೆ ಖಣ ಕಟ್ಟಿಕೊಂಡು ಡಿಪೋಕ್ಕೆ ಬಂದ ಗಾಡಿ ನೋಡಿ ಮೆಕ್ಯಾನಿಕ್ಕುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಸುತ್ತಲ ಹಳ್ಳಿಗಳಲ್ಲಿ ಕೆಂಚನದೊಡ್ಡಿಗೆ ಬಸ್ಸಿಗೆ ಉಡಿ ತುಂಬಿದ ದೊಡ್ಡಿ ಎಂದೇ ಹೆಸರು. ಆ ಊರಿನ ಹೆಣ್ಣು ಕೇಳಲು ಬಂದ ಬೀಗರು ಕೂಡ, ನಿಮ್ಮ ಹಿರೇ ಮಗಳು ಡಿಪೋದಾಗ ಅರಾಮ ಅದಾಳೇನು ಅಂತ ಕೇಳುತ್ತಿದ್ದರು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಆ ಊರಿನ ಹುಲಿಗೆವ್ವ ಎಂಬ ಹೆಂಗಸು ಬಸಲಿಂಗವ್ವನ ಕೋಣೆಗೆ ಬಂದಿದ್ದಳು. ಸಾಲಿಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡಿ ಹಾಕುವವಳು. ಊರಿನ ಸಾಲಿ ಏಳನೇ ಇಯತ್ತೆಗೆ ಮುಗಿಯುತ್ತದೆ. ಈ ಸಲ ಹನ್ನೊಂದು ಹುಡುಗಿಯರು ಏಳನೇದು ದಾಟುತ್ತಿದ್ದರು. ಅವರಲ್ಲಿ ಹುಲಿಗೆವ್ವನ ಮೊಮ್ಮಗಳು ಒಬ್ಬಳು. ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು ಬಿಟ್ಟರೆ ಹೋಬಳಿಯ ಹೈಸ್ಕೂಲಿಗೆ ಹೋಗುತ್ತವೆ, ಇಲ್ಲದಿದ್ದರೆ ಮೆಣಸಿನಕಾಯಿ ಬಿಡಿಸಲು ಹೋಗುತ್ತವೆ ಎಂದು ಊರಿನವರು ಅರ್ಜಿ ಕೊಟ್ಟಿದ್ದರು. ಅದಕ್ಕೆ ಬಂದ ಜವಾಬನ್ನು ಓದಿಸಿಕೊಳ್ಳಲು ಬಂದಿದ್ದಳು. ಬಸಲಿಂಗವ್ವ ಓದಿದಳು. ಸದರಿ ರಸ್ತೆಯು ಬಸ್ ಸಂಚಾರಕ್ಕೆ ಯೋಗ್ಯವಿರುವುದಿಲ್ಲ. ಕೆಳಗೆ ಡಿಪೋ ಮ್ಯಾನೇಜರರ ಸಹಿ.

ಹುಲಿಗೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕೇಳಿದಳು:

“ಹಂಗಾರ ಓಟಿನ ಬಸ್ಸು ಗಾಳ್ಯಾಗ ಹಾರಿ ಬಂದಿತ್ತೇನು ತಂಗೀ?”

ಬಸಲಿಂಗವ್ವ ಕಾಗದ ಮಡಚಿಟ್ಟಳು. ಚಹಾ ತರಿಸಿ ಕೊಟ್ಟಳು. ಹುಲಿಗೆವ್ವ ಕುಡಿಯದೆ ಎದ್ದು ಹೋದಳು. ಆ ಚಹಾ ಮೇಜಿನ ಮೇಲೆ ಕೆನೆಗಟ್ಟಿ ಸಂಜೆಯವರೆಗೆ ಹಾಗೇ ಇತ್ತು. ಬಸಲಿಂಗವ್ವನ ಊರಿಗೆ ಮೊದಲ ಬಸ್ಸು ಬಂದದ್ದು ಅವಳು ಏಳನೇ ಇಯತ್ತೆ ಮುಗಿಸಿದ ವರ್ಷ. ಅವಳ ಇಬ್ಬರು ಅಕ್ಕಂದಿರ ಕಾಲಕ್ಕೆ ಬಂದಿರಲಿಲ್ಲ. ಅವರು ಇಂದಿಗೂ ಹತ್ತಿ ಬಿಡಿಸುತ್ತಾರೆ.

ಎತ್ತಿದ ಪೆನ್ನನ್ನು ಅವಳು ಕೊನೆಗೆ ಕಾಗದಕ್ಕೆ ಇಳಿಸಿದಳು. ಹತ್ತೊಂಬತ್ತನೇ ರೂಟಿನ ಎದುರು ಗಾಡಿ ನಂಬರು ಬರೆಯಲಿಲ್ಲ. ಬದಲಿಗೆ, ರಸ್ತೆ ಯೋಗ್ಯವಿಲ್ಲ ಎಂದು ಬರೆದು, ಪಟ್ಟಿಯನ್ನು ಮ್ಯಾನೇಜರರ ಕೋಣೆಗೆ ಕಳಿಸಿದಳು.

ಮ್ಯಾನೇಜರ್ ಸತ್ಯಪ್ರಕಾಶ ಮೈಸೂರು ಕಡೆಯವನು. ಕೆಟ್ಟವನಲ್ಲ, ಅಂಜುಬುರುಕ. ಮೇಲಿನವರು ಹೇಳಿದ್ದಕ್ಕೆ ಸಹಿ ಹಾಕುವುದು, ಕೆಳಗಿನವರು ಕೇಳಿದ್ದಕ್ಕೆ ಆಮೇಲೆ ನೋಡೋಣ ಅನ್ನುವುದು, ಹೀಗೆ ನಾಲ್ಕು ಡಿಪೋ ದಾಟಿ ಬಂದಿದ್ದ. ಪಟ್ಟಿ ನೋಡಿದವನೇ ಕನ್ನಡಕ ಹಣೆಗೆ ಏರಿಸಿಕೊಂಡು ಬಂದ.

“ಏನಮ್ಮಾ ಬಸಲಿಂಗಮ್ಮ, ಇದೊಂದು ಖಾಲಿ ಬಿಟ್ಟಿದ್ದೀರಲ್ಲ.”

“ರಸ್ತೆ ಬರೋಬ್ಬರಿ ಇಲ್ರೀ ಸರ. ನೀವ ಸೈ ಮಾಡಿ ಕಳಸೀರಿ. ಕೆಟ್ಟ ರಸ್ತೆಕ್ಕ ಗಾಡಿ ಹೆಂಗ ಹಾಕ್ಲಿ?”

“ಅದು ಬೇರೆ, ಇದು ಬೇರೆ. ಇದು ಎಲೆಕ್ಷನ್ನು.”

“ಅಲ್ಲಿ ಎರಡು ರಸ್ತೆ ಇಲ್ರೀ. ನಾ ನೋಡೀನಿ. ಒಂದ ಐತಿ.”

ಅವನು ಮೊದಲು ನಕ್ಕ. ಆಮೇಲೆ ಕೆಲಸದ ಮಾತು ಹೇಳಿದ: ಓಟಿನ ಕೆಲಸಕ್ಕೆ ಅಡ್ಡ ಬಂದರೆ ಮನೆಗೆ ಕಳಿಸುತ್ತಾರೆ, ತನ್ನನ್ನೂ ಕಳಿಸುತ್ತಾರೆ. ಆಮೇಲೆ ಸಾಲಿ ಮಕ್ಕಳ ಮಾತು ತೆಗೆದ. ನೀತಿ ಸಂಹಿತೆ ಇದೆ, ಓಟು ಮುಗಿಯುವವರೆಗೆ ಯಾವ ಊರಿಗೂ ಹೊಸ ಬಸ್ಸು ಬಿಡುತ್ತೇವೆ ಎಂದು ಬಾಯಿಬಿಡುವ ಹಾಗಿಲ್ಲ ಎಂದ. ಬಸಲಿಂಗವ್ವ ತಾನು ಹೊಸ ಬಸ್ಸು ಕೇಳುತ್ತಿಲ್ಲ ಅಂದಳು. ರಸ್ತೆ ಇದೆಯೋ ಇಲ್ಲವೋ, ಅದೊಂದನ್ನು ಬರೆದುಕೊಡಿ. ಇದೆ ಎಂದು ಬರೆದರೆ ಇವತ್ತೇ ಗಾಡಿ ಹಾಕುತ್ತೇನೆ. ಇಲ್ಲವೆಂದರೆ ಇಲ್ಲ. ಓಟಿಗೆ ಇದೆ, ಸಾಲಿಗೆ ಇಲ್ಲ ಅನ್ನುವುದು ಮಾತ್ರ ಬೇಡ.

ಅವನು ಅವಳನ್ನು ಬಿಟ್ಟು ಡ್ರೈವರುಗಳನ್ನು ಕರೆದ. ಹತ್ತೊಂಬತ್ತಕ್ಕೆ ಯಾರು ಹೋಗುತ್ತೀರಿ ಎಂದು ಕೇಳಿದ. ಅಲ್ಲಿ ಅವನಿಗೆ ತಿಳಿಯದ ಒಂದು ಗಂಟು ಇತ್ತು. ಯೋಗ್ಯವಿಲ್ಲ ಎಂದು ಬರೆದಿಟ್ಟ ರಸ್ತೆಗೆ ಗಾಡಿ ಒಯ್ದು ಸ್ಪ್ರಿಂಗಿನ ಪಾಟಾ ಮುರಿದರೆ ಆ ನಷ್ಟ ಡ್ರೈವರನ ಪಗಾರದಲ್ಲಿ ಹಿಡಿಯುತ್ತಾರೆ. ಆ ಡಿಪೋದಲ್ಲಿ ಹಾಗೆ ಹಿಡಿಸಿಕೊಳ್ಳದವನು ಒಬ್ಬನೂ ಇರಲಿಲ್ಲ. ಹಿಂದಿನ ಓಟಿನಲ್ಲಿ ಯಾರೂ ಏನೂ ಬರೆದಿರಲಿಲ್ಲ, ಹೋದರು, ಬಂದರು. ಈಗ ಜವಾಬು ಕೊಟ್ಟು ಬರೆದಿಟ್ಟದ್ದು ಮ್ಯಾನೇಜರನೇ. ಡ್ರೈವರುಗಳು ಒಬ್ಬರ ಮುಖ ಒಬ್ಬರು ನೋಡಿದರು. ಮಾವನ ಮನೆ ಕಡೆ ಬೇಕೆಂದವನೂ, ಬೇಡವೆಂದವನೂ, ಸುಡುಗಾಡಿಗೆ ಅಂಜಿದವನೂ ಒಲ್ಲೆವೆಂದು ಒಂದೇ ಮಾತು ಹೇಳಿದರು. ಕೊನೆಗೆ ಮೌಲಾಸಾಬ ಟೋಪಿ ಸರಿಮಾಡಿಕೊಂಡು ಹೇಳಿದ:

“ಸಾಹೇಬ್ರ, ನಾ ಆ ರಸ್ತಾ ಕಣ್ಣ ಮುಚ್ಚಿ ಹೊಡೀತೀನಿ. ಆದ್ರ ನಿಮ್ಮ ಕೈಲೆ ಒಂದು ಚೀಟಿ ಬೇಕ್ರಿ. ಚೀಟಿ ಇಲ್ದ ಗಾಡಿ ಹಳ್ಳಕ್ಕ ಬಿದ್ರ, ನನ್ನ ಮಕ್ಕಳು ಓಟಿನ ಪೆಟಿಗಿ ತಿಂತಾವೇನ್ರಿ?”

ಅದೇ ಸಂಜೆ ಬಸಲಿಂಗವ್ವ ಮೌಲಾಸಾಬನ ಕೈಯಲ್ಲಿ ಹುಲಿಗೆವ್ವನಿಗೆ ಒಂದು ಮಾತು ಹೇಳಿ ಕಳಿಸಿದಳು. ಅವನ ದಿನದ ಬಸ್ಸು ದೊಡ್ಡಿಯ ಕ್ರಾಸಿನ ಮುಂದೆಯೇ ಹಾಯುತ್ತಿತ್ತು. ಕಚೇರಿಯವರು ನೆಪ ಹೇಳುವುದು ಹಳ್ಳದ ತಗ್ಗಿಗೆ. ಆ ತಗ್ಗು ಇಲ್ಲದಿದ್ದರೆ ನೆಪವೂ ಇಲ್ಲ. ಇಷ್ಟೇ ಮಾತು. ಏನು ಮಾಡಬೇಕೆಂದು ಅವಳು ಹೇಳಲಿಲ್ಲ. ಹುಲಿಗೆವ್ವ ಕೇಳಲೂ ಇಲ್ಲ.

ಮರುದಿನದಿಂದ ಕೆಂಚನದೊಡ್ಡಿಯ ಹೆಂಗಸರು ಬುಟ್ಟಿ, ಸಲಿಕೆ, ಗುದ್ದಲಿ ತಗೊಂಡು ಹಳ್ಳಕ್ಕೆ ಇಳಿದರು. ಬೇಸಿಗೆಯ ಕೆರೆ ಹೂಳೆತ್ತುವ ಕೆಲಸದಲ್ಲಿ ಪಳಗಿದ ಕೈಗಳು. ಗುಡ್ಡದ ಬುಡದಿಂದ ಗರಸು ಮಣ್ಣು ತಂದರು, ಹೊಲದ ಬದುವಿನಿಂದ ಕಲ್ಲು ಹೊತ್ತರು. ಬಿಸಿಲು ಏರುವ ಮೊದಲೊಮ್ಮೆ, ಇಳಿದ ಮೇಲೊಮ್ಮೆ. ಗಂಡಸರು ಮೊದಲ ದಿನ ದಂಡೆಯ ಮೇಲೆ ಬೀಡಿ ಸೇದುತ್ತಾ, ಮತ್ತೊಮ್ಮೆ ಉಡಿ ತುಂಬಾಕ ಹೊಂಟೀರೇನ ಎಂದು ಕಾಡಿದರು. ಹುಲಿಗೆವ್ವ ಮಣ್ಣಿನ ಬುಟ್ಟಿಯನ್ನು ತನ್ನ ಗಂಡನ ಕಾಲ ಬುಡಕ್ಕೆ ಸುರಿದು, ನಿಂತವರ ಮ್ಯಾಲೂ ಮಣ್ಣು ಹಾಕಾಕ ಬರ್ತೈತಿ ಅಂದಳಂತೆ. ಎರಡನೇ ದಿನ ಗಂಡಸರೂ ಇಳಿದರು. ತಗ್ಗು ತುಂಬಿತು. ಮೇಲೆ ನೀರು ಹೊಡೆದು, ಎತ್ತಿನ ಗಾಡಿ ಹತ್ತು ಸಲ ಹಾಯಿಸಿ ಗಟ್ಟಿ ಮಾಡಿದರು.

ತಹಶೀಲ್ದಾರ್ ಕಚೇರಿಯಿಂದ ಹತ್ತೊಂಬತ್ತನೇ ರೂಟಿನ ಗಾಡಿ ನಂಬರು ಎಲ್ಲಿ ಎಂದು ಎರಡು ಸಲ ಫೋನು ಬಂದ ಮೇಲೆ ಮ್ಯಾನೇಜರ್ ರಸ್ತೆ ನೋಡಲು ಒಂದು ಖಾಲಿ ಬಸ್ಸು ಹೊರಡಿಸಿ, ಮುಂದಿನ ಸೀಟಿನಲ್ಲಿ ತಾನೇ ಕುಳಿತ. ಬಸಲಿಂಗವ್ವ ಹಿಂದೆ ಕುಳಿತಳು. ಓಡಿಸಿದವನು ಮೌಲಾಸಾಬ. ಚೀಟಿ ಇಲ್ಲದೆ ಹೋಗುತ್ತೀಯಲ್ಲ ಎಂದು ಗೇಟಿನವನು ಕೇಳಿದ್ದಕ್ಕೆ, ಗಾಡಿ ಬಿದ್ದರೆ ಚೀಟಿ ಬರೆಯುವವನೂ ಒಳಗೇ ಇದ್ದಾನೆ ಅಂದ.

ಹಳ್ಳದಲ್ಲಿ ಬಸ್ಸು ಒಂದು ಸಲ ಓಲಾಡಿತು. ಮ್ಯಾನೇಜರ್ ಎದುರಿನ ಸರಳು ಹಿಡಿದುಕೊಂಡ. ಆಮೇಲೆ ಬಸ್ಸು ತಾನಾಗಿ ದಂಡೆ ಏರಿ ಊರ ಅಗಸೆಗೆ ಬಂದು ನಿಂತಿತು. ಅಲ್ಲಿ ಹಲಗಿ ಇರಲಿಲ್ಲ, ಕಾಯಿ ಇರಲಿಲ್ಲ. ಜನ ತಂತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಕ್ಕಳು ಓಡಿಬರಲು ಹೋದರೆ ದೊಡ್ಡವರು ಅಂಗಿ ಹಿಡಿದು ನಿಲ್ಲಿಸಿದರು. ಸತ್ಯಪ್ರಕಾಶ ಬಸ್ಸಿನಲ್ಲೇ ಕುಳಿತು ನೀರು ಕೇಳಿದ. ಹುಲಿಗೆವ್ವ ತಂದುಕೊಟ್ಟಳು, ಜೊತೆಗೆ ಒಂದು ಚೂರು ಬೆಲ್ಲ. ನೀರು ಕೇಳಿದವರಿಗೆ ಬೆಲ್ಲ ಕೊಡದೆ ಇರಲು ಆ ಊರಿಗೆ ಬರುವುದಿಲ್ಲ, ಸಿಟ್ಟಿದ್ದರೂ.

ಅವನು ಕುಡಿದು ಮುಗಿಸುವವರೆಗೆ ಕಾದು ಅವಳು ಹೇಳಿದಳು:

“ಸಾಹೇಬ್ರ, ಕೆಳಗ ಇಳೀರಿ. ಬೂಟ ಬಿಚ್ಚಿ ನೆಲಾ ಮುಟ್ಟಿ ನೋಡ್ರಿ. ಇದು ಓಟಿನ ನೆಲಾನೋ, ಸಾಲಿ ನೆಲಾನೋ? ನಮಗ ತಿಳೀವಲ್ದು. ನೀವು ಕಲತೋರು, ನೀವ ಹೇಳ್ರಿ.”

ಅವನು ಇಳಿದ, ಬೂಟು ಬಿಚ್ಚಲಿಲ್ಲ. ಆದರೆ ನೆಲ ನೋಡಿದ. ನೋಡುತ್ತಲೇ, ಓಟು ಮುಗಿಯಲಿ, ಆಮೇಲೆ ನಾನೇ ಮೇಲಿನವರಿಗೆ ಬರೆಯುತ್ತೇನೆ, ದೇವರಾಣೆ ಅಂದ. ಹುಲಿಗೆವ್ವ ತಂಬಿಗೆ ತಗೊಂಡು ಹೊರಟಳು. ಬಾಗಿಲಲ್ಲಿ ನಿಂತಿದ್ದ ಒಬ್ಬ ಮುದುಕ, ಆಮ್ಯಾಲೆ ಅನ್ನೂದು ನಮ್ಮೂರಿಗೆ ವಾರಕ್ಕೆರಡು ಸಲ ಬಂದು ಹೋಗ್ತೈತ್ರಿ, ಬಸ್ಸೊಂದ ಬರಾಂಗಿಲ್ಲ ಅಂದ. ಎಲ್ಲರೂ ನಕ್ಕರು. ಮ್ಯಾನೇಜರನೂ ಅರೆಮನಸ್ಸಿನಿಂದ ನಕ್ಕ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವನು ಬಸಲಿಂಗವ್ವನ ಕಡೆ ತಿರುಗಿ, ನಿಮ್ಮ ಕೆಲಸ ಆಯಿತಲ್ಲ, ನಾನು ಬಂದು ನೋಡಿದೆನಲ್ಲ, ಇನ್ನು ಗಾಡಿ ಹಾಕಿ ಅಂದ. ಅವಳು ಬರೆದುಕೊಡಿ ಅಂದಳು. ಓಟಿನ ಕೆಲಸಕ್ಕೆ ಮಾತ್ರ ಯೋಗ್ಯ ಎಂದು ಬರೆಯುತ್ತೇನೆ ಅಂದ. ಅವಳು ಕಿಟಕಿಯ ಹೊರಗೆ ನೋಡುತ್ತಾ, ಹಾಗಾದರೆ ನಾನೂ ಗಾಡಿಯನ್ನು ಓಟು ಮುಗಿದ ಮೇಲೇ ಹಾಕುತ್ತೇನೆ ಅಂದಳು. ಡಿಪೋಕ್ಕೆ ಇಳಿದವನೇ ಅವನು ಅವಳ ಮೇಲೆ ಮೇಲಿನ ಕಚೇರಿಗೆ ಬರೆದ. ಬೇರೆ ಕಂಟ್ರೋಲರನನ್ನು ಕೂರಿಸುತ್ತೇನೆ ಅಂದ. ಬೇರೆ ಕಂಟ್ರೋಲರ್ ಎಂದರೆ ಒಬ್ಬನೇ ಇದ್ದ, ಅವನಿಗೆ ಅದೇ ವಾರ ಜ್ವರ ಬಂತು. ನಿಜವಾಗಿ ಬಂತೋ, ಕೇಳಿಕೊಂಡು ಬಂತೋ, ಯಾರಿಗೆ ಗೊತ್ತು.

ಮನೆಯಲ್ಲಿ ಬಸಲಿಂಗವ್ವನ ಗಂಡ ಈರಣ್ಣ, ಟೇಲರ್, ಹೊಲಿಗೆ ಯಂತ್ರದ ಮೇಲೆ ಬಗ್ಗಿಕೊಂಡೇ ಕೇಳಿದ್ದ: ಕೆಲಸ ಹೋದರೆ ಏನು ಮಾಡುತ್ತೀ? ಗುಂಡಿ ಹಚ್ಚುತ್ತೇನೆ ಅಂದಳು. ನಿನ್ನ ಕೈಯಲ್ಲಿ ಹಚ್ಚಿದ ಗುಂಡಿ ಹತ್ತು ದಿನ ನಿಲ್ಲುವುದಿಲ್ಲ ಅಂದ ಅವನು. ಅವಳಿಗೆ ಅಂಜಿಕೆ ಇರಲಿಲ್ಲ ಎಂದಲ್ಲ. ಆದರೆ ಹಳ್ಳಕ್ಕೆ ಬಿದ್ದ ಕಲ್ಲನ್ನು ಅವಳು ಕಣ್ಣಾರೆ ಕಂಡು ಬಂದಿದ್ದಳು. ಈಗ ಕೈ ಬಿಟ್ಟರೆ ಆ ಹೆಂಗಸರು ಎರಡನೇ ಸಲ ನಗೆಗೀಡಾಗುತ್ತಿದ್ದರು, ಅದೂ ತನ್ನ ಮಾತು ಕೇಳಿ.

ಓಟಿನ ಹಿಂದಿನ ದಿನ ಬಂತು. ಕಾಲೇಜು ಮೈದಾನದ ತುಂಬ ಶಾಮಿಯಾನ. ಧೂಳು, ಉಪ್ಪಿಟ್ಟಿನ ವಾಸನೆ, ಧ್ವನಿವರ್ಧಕದಲ್ಲಿ ಹೆಸರು ಕೂಗುವವನ ಕೆಮ್ಮು. ಕಂಪೌಂಡಿನ ಉದ್ದಕ್ಕೂ ಬಸ್ಸುಗಳು ಎದೆಗೆ ರೂಟಿನ ನಂಬರು ಅಂಟಿಸಿಕೊಂಡು ಸಾಲಾಗಿ ನಿಂತಿದ್ದವು. ಹದಿನೆಂಟರ ಆಚೆ ಒಂದು ಖಾಲಿ ಜಾಗ, ಅದರಾಚೆ ಇಪ್ಪತ್ತು. ಬಾಯಲ್ಲಿ ಹಲ್ಲು ಬಿದ್ದ ಹಾಗೆ ಕಾಣುತ್ತಿತ್ತು.

ಆ ಖಾಲಿ ಜಾಗದಲ್ಲಿ ಕೆಂಚನದೊಡ್ಡಿಯ ಮತಗಟ್ಟೆಯವರು ಪೆಟ್ಟಿಗೆಗಳನ್ನು ನೆರಳಿಗೆ ಇಟ್ಟುಕೊಂಡು ಕಾಯುತ್ತಿದ್ದರು. ಅವರ ಮುಖ್ಯಸ್ಥ ಒಬ್ಬ ಮುದಿ ಮಾಸ್ತರ. ಉಳಿದವರ ಬಸ್ಸುಗಳು ಒಂದೊಂದೇ ಹೊರಟಾಗ ಅವನ ಬೆವರು ಹೆಚ್ಚಾಯಿತು. ಬಸಲಿಂಗವ್ವ ಅವನ ಹತ್ತಿರ ಹೋಗಿ, ಗುರುಗಳೇ ಅಂಜಬೇಡಿ, ಕತ್ತಲಾಗುವ ಮೊದಲು ನಿಮ್ಮನ್ನು ಅಲ್ಲಿ ಇಳಿಸುವುದು ನನ್ನ ಜವಾಬ್ದಾರಿ ಎಂದು ಮೆಲ್ಲಗೆ ಹೇಳಿದಳು. ಓಟು ತಪ್ಪಿಸುವ ಮನಸ್ಸು ಅವಳಿಗೆ ಎಂದೂ ಇರಲಿಲ್ಲ. ಮೌಲಾಸಾಬ ಎಣ್ಣೆ ತುಂಬಿದ ಗಾಡಿ ತಗೊಂಡು ಕಾಲೇಜಿನ ಹಿಂದಿನ ಬೇವಿನ ಗಿಡದ ಕೆಳಗೆ ಮುಂಜಾನೆಯಿಂದ ಕುಳಿತಿದ್ದ. ಅದು ಅವಳಿಗೂ ಅವನಿಗೂ ಮಾತ್ರ ಗೊತ್ತಿತ್ತು.

ಕೊನೆಗೆ ಚುನಾವಣಾಧಿಕಾರಿಯೇ ಬಂದಳು. ವಯಸ್ಸಿನಲ್ಲಿ ಸಣ್ಣವಳು. ಬೆಳಗಿನಿಂದ ನಿಂತು ನಿಂತು ಕಾಲು ಬಾತಿದ್ದವು, ಮುಖದಲ್ಲಿ ತಾಳ್ಮೆಯ ಒಂದು ಹನಿಯೂ ಉಳಿದಿರಲಿಲ್ಲ. ಹಿಂದೆ ಪೊಲೀಸರು, ತಹಶೀಲ್ದಾರರು, ಅವರ ಹಿಂದೆ ಕರವಸ್ತ್ರ ಹಿಂಡುತ್ತಾ ಸತ್ಯಪ್ರಕಾಶ. ಬಸ್ಸು ಯಾಕಿಲ್ಲ ಎಂದು ಅವಳು ಕೇಳಿದಳು. ಈ ಹೆಂಗಸು ಹಾಕಲಿಲ್ಲ ಎಂದು ಅವನು ತೋರಿಸಿದ. ಬಸಲಿಂಗವ್ವ ಮುಂದೆ ಬಂದು ನಿಂತಳು. ಪೊಲೀಸರ ನಡುವೆ ಒಂದಿಷ್ಟು ಜಾಗ ತಾನಾಗಿ ಆಯಿತು.

“ಓಟಿನ ಕೆಲಸ ನಿಲ್ಲಿಸಿದರೆ ಏನಾಗುತ್ತೆ ಗೊತ್ತಾ ನಿಮಗೆ?” ಅಂದಳು ಅಧಿಕಾರಿ.

“ಗೊತ್ರೀ ಮೇಡಂ. ಅದಕ್ಕ ನಿಲ್ಸಿಲ್ಲ. ಸಾಲಿ ಹುಡಿಗ್ಯಾರಿಗೆ ಬಸ್ಸು ಕೇಳಿದ್ರ, ಆ ರಸ್ತೆಕ್ಕ ಬಸ್ಸು ಹೋಗಾಂಗಿಲ್ಲ ಅಂತ ನಮ್ಮ ಸಾಹೇಬ್ರು ಊರವರಿಗೆ ಬರದು ಕೊಟ್ಟಾರ್ರಿ. ಹೋಗತೈತಿ ಅಂತ ನಿಮಗ ಹೇಳ್ಯಾರ. ಎರಡರಾಗ ಒಂದು ಸುಳ್ಳು. ಯಾವ್ದು ಅಂತ ಅವರ ಹೇಳಲಿ, ಮರುಗಳಿಗಿಗೆ ಬಸ್ಸು ಇಲ್ಲಿ ತಂದು ನಿಲ್ಲಸ್ತೀನಿ.”

ಅಧಿಕಾರಿ ಮ್ಯಾನೇಜರನ ಕಡೆ ತಿರುಗಿದಳು. ಹೋದ ತಿಂಗಳ ಸಭೆಯಲ್ಲಿ ಎಲ್ಲ ರೂಟೂ ಸರಿ ಇದೆ ಎಂದು ಅವನು ಹೇಳಿದ್ದು ಅವಳಿಗೆ ನೆನಪಿತ್ತು. ಹೌದೋ ಅಲ್ಲವೋ ಎಂದು ಕೇಳಿದಳು. ಅವನು ನೀತಿ ಸಂಹಿತೆ ಅಂದ. ಅವಳು ಅದನ್ನು ತನಗೆ ಕಲಿಸಬೇಡಿ ಅಂದಳು. ರಸ್ತೆ ಗಟ್ಟಿ ಇದೆ ಅನ್ನುವುದು ಯಾರಿಗೂ ಕೊಟ್ಟ ಆಶ್ವಾಸನೆ ಆಗುವುದಿಲ್ಲ. ಇಲ್ಲವೆಂದರೆ ನನಗೆ ಸುಳ್ಳು ಹೇಳಿದ್ದಕ್ಕೆ ನಿಮ್ಮ ಮೇಲೆ ಇಲ್ಲೇ ಬರೆಯುತ್ತೇನೆ. ಇದೆ ಎಂದರೆ ಸಹಿ ಹಾಕಿ, ನನಗೆ ಬಸ್ಸು ಬೇಕು.

ಸತ್ಯಪ್ರಕಾಶ ಮೇಲೆ ನೋಡಿದ. ಬಿಸಿಲು ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಇನ್ನೂ ಹೊರಡದ ಇಪ್ಪತ್ತನೇ ಬಸ್ಸಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು, ಕಾದ ತಗಡಿಗೆ ಕೈ ತಾಗಿ ಹಿಂದೆಗೆದು, ಮತ್ತೆ ಇಟ್ಟು ಬರೆದ. ಕೆಂಚನದೊಡ್ಡಿಯ ರಸ್ತೆ ಖುದ್ದು ನೋಡಿದ್ದೇನೆ, ಬಸ್ ಸಂಚಾರಕ್ಕೆ ಯೋಗ್ಯವಿದೆ. ಬಸಲಿಂಗವ್ವ ಅದನ್ನು ಎರಡು ಸಲ ಓದಿದಳು. ಓಟಿಗೆ ಮಾತ್ರ ಎಂಬ ಇನ್ನೊಂದು ಮಾತು ಸೇರಿಲ್ಲವೆಂದು ಖಾತ್ರಿಯಾದ ಮೇಲೆ ಮಡಚಿ ಕುಪ್ಪಸದಲ್ಲಿ ಇಟ್ಟುಕೊಂಡು, ಕಂಡಕ್ಟರಕಿಯ ಕಾಲದ ಗಂಟಲಿನಲ್ಲಿ ಒಂದು ಕೂಗು ಹಾಕಿದಳು. ಬೇವಿನ ಗಿಡದ ಹಿಂದಿನಿಂದ ಮೌಲಾಸಾಬನ ಬಸ್ಸು ಬಂದು ಖಾಲಿ ಜಾಗದಲ್ಲಿ ನಿಂತಿತು.

ಅಧಿಕಾರಿ ಬಸ್ಸನ್ನೂ ಅವಳನ್ನೂ ನೋಡಿದಳು.

“ನಿಮ್ಮ ಊರಿನ ಹುಡುಗಿಯರಿಗೋಸ್ಕರ ನಾನು ಇದನ್ನು ಮಾಡಲಿಲ್ಲ. ನಿಮ್ಮ ಮೇಲೂ ಬರೀತೀನಿ.”

“ಬರೀರಿ ಮೇಡಂ. ನಮ್ಮೂರಲ್ರೀ ಅದು. ಆದ್ರೂ ಬರೀರಿ.”

ಓಟಿನ ದಿನ ದೊಡ್ಡಿಯಲ್ಲಿ ನಡೆದದ್ದನ್ನು ಮೌಲಾಸಾಬ ಆಮೇಲೆ ಹೇಳಿದ. ಸಂಜೆಯೊಳಗೆ ಊರಿನವರೆಲ್ಲ ಬಂದು ಓಟು ಹಾಕಿದರು. ಯಾರೂ ತಪ್ಪಿಸಲಿಲ್ಲ, ಯಾರೂ ಘೋಷಣೆ ಕೂಗಲಿಲ್ಲ. ಹುಲಿಗೆವ್ವ ಸಿಬ್ಬಂದಿಗೆ ಜೋಳದ ರೊಟ್ಟಿ, ಪುಂಡಿಪಲ್ಯ ಮಾಡಿ ಹಾಕಿದಳು. ಬಸ್ಸಿನ ಹತ್ತಿರ ಒಬ್ಬ ಹೆಂಗಸೂ ಸುಳಿಯಲಿಲ್ಲ. ಸಂಜೆ ಹೊರಡುವಾಗ ಹುಲಿಗೆವ್ವ ಮಾತ್ರ ಡ್ರೈವರನ ಕಿಟಕಿಯ ಹತ್ತಿರ ಬಂದು, ಸಾಬಣ್ಣ, ಸಾಲಿ ಚಾಲೂ ಆದ ದಿನ ನೀ ಬರಲಿಲ್ಲಂದ್ರ ನಾವ ಡಿಪೋಕ್ಕ ಬರ್ತೀವಿ, ರೊಟ್ಟಿ ಕಟಗೊಂಡು ಬರ್ತೀವಿ ಎಂದು ಹೇಳಿದಳಂತೆ.

ಮ್ಯಾನೇಜರ್ ಬರೆದುಕೊಟ್ಟದ್ದರ ನಕಲನ್ನು ಬಸಲಿಂಗವ್ವ ಬಸ್ ನಿಲ್ದಾಣದ ವಿಚಾರಣೆ ಕಿಟಕಿಯ ಗಾಜಿಗೆ ಅಂಟಿಸಿದಳು. ಒಂದು ಸಲ ಯಾರೋ ಕಿತ್ತರು. ಮತ್ತೆ ಅಂಟಿಸಿದಳು. ಎರಡನೇ ಸಲ ಕಿತ್ತಾಗ ಚಹಾದ ಅಂಗಡಿಯವನು, ಹಣ್ಣಿನ ಗಾಡಿಯವನು, ಪಂಕ್ಚರಿನವನು ಒಂದೊಂದು ನಕಲು ತಂತಮ್ಮ ಅಂಗಡಿಯಲ್ಲಿ ಅಂಟಿಸಿಕೊಂಡರು. ನೀತಿ ಸಂಹಿತೆ ಮುಗಿಯಿತು, ಎಣಿಕೆ ಮುಗಿಯಿತು. ಗೆದ್ದವರು ಗುಲಾಲು ಹಾರಿಸಿದರು. ಬಸ್ಸಿನ ಮಾತು ಯಾರೂ ತೆಗೆಯಲಿಲ್ಲ. ಮೇಲಿನ ಕಚೇರಿಯವರು ಗಾಡಿ ಕೊರತೆ ಅಂದರು. ಆಗ ಹುಲಿಗೆವ್ವ ಸಾಲಿ ಚಾಲೂ ಆಗುವವರೆಗೂ ಕಾಯದೆ, ಹೇಳಿದ್ದನ್ನು ಮಾಡಿದಳು. ಎರಡು ಟ್ರ್ಯಾಕ್ಟರು ಹೆಂಗಸರು ಬಂದು ಡಿಪೋದ ಗೇಟಿನ ಒಳಗೆ, ಗಾಡಿಗಳಿಗೆ ದಾರಿ ಬಿಟ್ಟು, ಮ್ಯಾನೇಜರನ ಬಾಗಿಲಿಗೆ ಮಾತ್ರ ಅಡ್ಡ ಕುಳಿತು ರೊಟ್ಟಿ ಗಂಟು ಬಿಚ್ಚಿದರು. ಗದ್ದಲ ಮಾಡಲಿಲ್ಲ. ಅವನು ಹೊರಗೆ ಬಂದಾಗೆಲ್ಲ, ಬರ್‍ರಿ ಸಾಹೇಬ್ರ ಊಟಕ್ಕ ಎಂದು ಕರೆದರು. ಎರಡನೇ ದಿನ ಅವನು ನಿಜವಾಗಿ ಬಂದು ಕುಳಿತು ಅರ್ಧ ರೊಟ್ಟಿ ತಿಂದು, ಒಳಗೆ ಹೋಗಿ ಮೇಲಿನವರಿಗೆ ಫೋನು ಹಚ್ಚಿದ. ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ಡಿಪೋದವರು ಮೊದಲ ಸಲ ಕೇಳಿದರು.

ಬೆಳಿಗ್ಗೆ ಒಂದು, ಸಂಜೆ ಒಂದು. ಭಾನುವಾರ ಇಲ್ಲ. ಅಷ್ಟು ಸಿಕ್ಕಿತು.

ಅದರ ಜೊತೆಯಲ್ಲೇ ಬಸಲಿಂಗವ್ವನ ಹೆಸರಿಗೂ ಆದೇಶ ಬಂತು. ಕೆಲಸ ಹೋಗಲಿಲ್ಲ. ಜಿಲ್ಲೆಯ ಆಚೆ ತುದಿಯ ಡಿಪೋಕ್ಕೆ ವರ್ಗ, ಮತ್ತೆ ಕಂಡಕ್ಟರಕಿ. ಹುಲಿಗೆವ್ವ ಸುದ್ದಿ ಕೇಳಿ ಓಡಿ ಬಂದಳು. ನಮ್ಮಿಂದ ಹಿಂಗಾತಲ್ಲ ತಂಗೀ ಎಂದು ಅಳಲು ಶುರು ಮಾಡಿದಳು. ಬಸಲಿಂಗವ್ವ ಚಹಾ ತರಿಸಿ, ಅವಳ ಕೈಗೆ ಕೊಟ್ಟು ಹೇಳಿದಳು:

“ಅಳಬ್ಯಾಡ್ರೀ ಅಕ್ಕ. ಕೂಗಿ ಕೂಗಿ ಒಡದ ಗಂಟಲ ಇದು, ಕೋಣ್ಯಾಗ ಕುಂತು ಹಾಳಾಗಾಕತ್ತಿತ್ತು. ಆ ಕಡೀನೂ ಬಸ್ಸಿಲ್ಲದ ಊರು ಬೇಕಾದಷ್ಟು ಅದಾವಂತ.”

ಸಾಲಿ ಚಾಲೂ ಆದದ್ದು ಸೋಮವಾರ. ಅಂದು ಬೆಳಿಗ್ಗೆ ಮೌಲಾಸಾಬನ ಬಸ್ಸು ಕೆಂಚನದೊಡ್ಡಿಯಿಂದ ಎಂಟು ಹುಡುಗಿಯರನ್ನು ಹತ್ತಿಸಿಕೊಂಡು ಹೋಯಿತು, ಹುಲಿಗೆವ್ವನ ಮೊಮ್ಮಗಳು ಕಿಟಕಿಯ ಪಕ್ಕ ಕುಳಿತಿದ್ದಳು. ಉಳಿದ ಮೂವರಲ್ಲಿ ಇಬ್ಬರ ಮದುವೆ ಬೇಸಿಗೆಯಲ್ಲೇ ಆಗಿತ್ತು, ಒಬ್ಬಳು ತಾಯಿಯ ಜೊತೆ ಗೋವಾಕ್ಕೆ ದುಡಿಯಲು ಹೋಗಿದ್ದಳು. ಬಸಲಿಂಗವ್ವ ಅದೇ ವಾರ ಗುರುವಾರ ತನ್ನ ಹೊಸ ಡಿಪೋಕ್ಕೆ ಹೋದಳು.